ಏಳು ಎನ್ನುವ ಅಪ್ಪಣೆ

ಅವ್ವ ತನ್ನ ಕಾಲ ಬುಡದಲ್ಲಿ ಹಣೆಯನ್ನು ನೆಲಕ್ಕೆ ಹಚ್ಚಿ ಬಿದ್ದಿದ್ದರೂ ಮಿಯಾನ್ ‘ಏಳು’ ಎನ್ನದೆ ಅವಳ ತಲೆಯನ್ನೇ ನೋಡುತ್ತಿದ್ದಳು. ಮಿಯಾನ್ ನಿನ್ನೆ ತಾನೇ ಸಾಮ್ರಾಜ್ಞಿಯಾದವಳು. ಚೀನಾದ ಹಾನ್ ಅರಮನೆಯಲ್ಲಿ ಹೆತ್ತವಳೂ ಅವಳಿಗೆ ಅಡ್ಡಬೀಳಬೇಕು, ಅವಳು ‘ಏಳು’ ಎಂದ ಮೇಲೆಯೇ ಮೇಲೇಳಬೇಕು. ಅವ್ವನ ಹಿಂದೆ ದರಬಾರಿನ ಹೆಂಗಸರೂ ಮಂಡಿಯೂರಿ ಕಾಯುತ್ತಿದ್ದರು.

“ಹೇಳೇ ಹುಡುಗಿ,” ಪಕ್ಕದ ಪೀಠದಿಂದ ಅತ್ತೆ ರಾಜಮಾತೆ ಪಿಸುಗುಟ್ಟಿದಳು. “ಇವರೆಲ್ಲರ ಮುಂದೆ ಮರ್ಯಾದೆ ಕಳೆದ್ಯೋ, ನಿಮ್ಮವ್ವ ಮತ್ತೆ ಈ ಹೊಸ್ತಿಲು ತುಳಿಯೋ ಹಾಗಿಲ್ಲ.”

ಆದರೆ ‘ಏಳು’ ಎನ್ನುವ ಮಾತು ಅವ್ವನದಾಗಿತ್ತು. ಬಿಸಿಲು ಮಗ್ಗದ ಮೇಲೆ ಬಿದ್ದರೂ ಹೊದಿಕೆ ಬಿಡದ ಮಗಳಿಗೆ ತವರಿನಲ್ಲಿ ದಿನಾ ಅದೇ ಸುಪ್ರಭಾತ.

“ಏಳು,” ಎಂದಳು ಮಿಯಾನ್, ತನಗೇ ಕೇಳಿಸದ ಹಾಗೆ.

ಅವ್ವ ಅಲುಗಲಿಲ್ಲ. ನೆಲದಿಂದ ಥೇಟ್ ಮಗಳ ಹಳೆಯ ರಾಗವೇ ಎದ್ದು ಬಂತು: “ಇನ್ನೊಂದ್ ಚೂರು ಮಲಗ್ತೀನವ್ವಾ...”

“ಏಳ್ತೀಯೋ, ತಣ್ಣೀರು ಸುರೀಲೋ?”

ಅವ್ವನದೇ ಗಂಟಲು ಸಾಮ್ರಾಜ್ಞಿಯ ಬಾಯಿಂದ ಸಿಡಿದಿತ್ತು. ದರಬಾರಿನ ಹೆಂಗಸರೆಲ್ಲ ದಡಬಡಿಸಿ ಎದ್ದು ನಿಂತರು. ಪೀಠದಲ್ಲಿದ್ದ ರಾಜಮಾತೆಯೂ ಎದ್ದಳು. ಅವ್ವ ಮಾತ್ರ ಏಳಲಾಗದೆ, ನೆಲಕ್ಕೆ ಮುಖ ಒತ್ತಿಕೊಂಡು ನಗುತ್ತಿದ್ದಳು.