ವೀರವ್ವನ ಬಿಪಿ

ಬಿಪಿ ಯಂತ್ರ ನೂರಾ ಎಪ್ಪತ್ತೆರಡು ತೋರಿಸಿತು. ನರ್ಸ್ ತಸ್ಲೀಮಾ ನಂಬದೆ ವೀರವ್ವನ ತೋಳಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದಳು. ಈ ಸಲ ನೂರಾ ಎಪ್ಪತ್ತೆಂಟು.

“ಲಗೂ ಮುಗಸ್ರಿ ಸಿಸ್ಟರ್. ಒಬ್ಬೊಬ್ಬರಿಗೆ ಎರಡ ನಿಮಿಷ ಅಂತ ಹೇಳಿದ್ದೆ,” ಎಂದ ಮ್ಯಾನೇಜರ್ ಪ್ರಶಾಂತ. ಹೊಲಿಗೆ ಯಂತ್ರಗಳ ಸಾಲಿನ ಪಕ್ಕದಲ್ಲಿ ಹಾಕಿದ್ದ ವೀರವ್ವನ ಕುರ್ಚಿಯ ಹಿಂದೆಯೇ ನಿಂತು ಅವನು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದ.

ಬಂಕಾಪುರದ ಹೈವೇ ಬದಿಯ ಆ ಗಾರ್ಮೆಂಟ್ಸ್‌ನಲ್ಲಿ ಹೋದ ವಾರ ವೀರವ್ವ ಹೊಲಿಯುತ್ತಲೇ ಎಚ್ಚರ ತಪ್ಪಿ ಬಿದ್ದಿದ್ದಳು. ಓಡಿಬಂದ ಪ್ರಶಾಂತ ಮೊದಲು ಸೂಜಿ ಮುರಿದಿದೆಯೇ ಎಂದು ನೋಡಿ, ಆಮೇಲೆ ಅವಳ ಮುಖ ನೋಡಿದ್ದ. ಸುದ್ದಿ ಮೇಲಿನವರಿಗೆ ಮುಟ್ಟಿ, ಎಲ್ಲರ ತಪಾಸಣೆ ಮಾಡಿಸಿ ವರದಿ ಕಳಿಸಲು ಆದೇಶ ಬಂತು. ‘ಎಲ್ಲರೂ ಆರೋಗ್ಯವಾಗಿದ್ದಾರೆ’ ಎಂಬ ವರದಿಯನ್ನು ಅವನು ನಿನ್ನೆಯೇ ಟೈಪ್ ಮಾಡಿಸಿಟ್ಟಿದ್ದ. ಅಂಕಿ ತುಂಬುವುದಷ್ಟೇ ಬಾಕಿ.

“ಅಕ್ಕಾರ, ಮನ್ಯಾಗ ಏನರ ಚಿಂತಿ ಐತೇನ್ರಿ?” ತಸ್ಲೀಮಾ ಕೇಳಿದಳು.

ವೀರವ್ವ ಬಾಯಿ ತೆರೆಯುವಷ್ಟರಲ್ಲಿ ಪ್ರಶಾಂತನೇ ಉತ್ತರಿಸಿದ. “ಮನೀ ಚಿಂತೀನ ಇರ್ಬೇಕ್ರಿ. ಇಲ್ಲೇನ್ ತ್ರಾಸ? ಫ್ಯಾನ್ ಐತಿ, ನೀರ ಐತಿ. ನೀರ ಕುಡ್ಯಾಕ ಎದ್ದವರ ಟೈಮ್ ಬರ್ಕೋತೇನಿ, ಅಷ್ಟ.”

ಅಷ್ಟರಲ್ಲಿ ಗೇಟಿಗೆ ಬಟ್ಟೆಯ ಲಾರಿ ಬಂತು. ಅವನು ಹೊರಗೆ ಹೋದ ಕೂಡಲೇ ವೀರವ್ವ ಪಿಸುಗುಟ್ಟಿದಳು. “ಜಾಸ್ತಿ ಐತಿ ಅಂತ ಬರೀಬ್ಯಾಡ್ರಿ ಸಿಸ್ಟರ್. ಕೆಲಸದಿಂದ ಬಿಡಿಸಿಬಿಡ್ತಾರ. ಮಗಳ ಕಾಲೇಜಿನ್ನೂ ಎರಡ ವರ್ಷ ಐತಿ.”

ತಸ್ಲೀಮಾ ಮತ್ತೊಮ್ಮೆ ಗುಂಡಿ ಒತ್ತಿದಳು. ನೂರಾ ಮೂವತ್ತು. ಅವಳಿಗೇನೋ ಹೊಳೆಯಿತು. ಆಗಲೇ ತಪಾಸಣೆ ಮುಗಿಸಿ ಹೋಗಿದ್ದ ದಾವಲಬಿ, ರಾಜಶ್ರೀ ಮತ್ತಿತರರನ್ನೆಲ್ಲ ಪುನಃ ಕರೆದು ನೋಡಿದಳು. ಎಲ್ಲರದೂ ಇಳಿದಿತ್ತು.

ಪ್ರಶಾಂತ ಮರಳಿ ಬಂದಾಗ ಹಾಳೆಯಲ್ಲಿ ತಪಾಸಣೆಯಾದ ಪ್ರತಿ ಹೆಸರಿನ ಮುಂದೆ ಎರಡೆರಡು ಅಂಕಿಗಳಿದ್ದವು.

“ಇದೇನ್ರಿ?”

“ಮೊದಲಿಂದು ನೀವ ಇಲ್ಲಿ ನಿಂತಿದ್ದಾಗಿಂದ್ರಿ ಸರ್. ಎರಡನೇದು ನೀವ ಹೊರಗ ಹೋದಾಗಿಂದು.”

ಪ್ರಶಾಂತ ಅಂಕಿಗಳ ಮೇಲೆ ಬೆರಳಾಡಿಸಿದ. ನಿಧಾನವಾಗಿ ಅವನ ಮುಖ ಅರಳಿತು. “ನಾ ಹೇಳಿದ್ದಿಲ್ಲೇನು? ಎಲ್ಲಾರೂ ಗಟ್ಟಿಮುಟ್ಟ ಅದಾರ! ಎರಡನೇದಷ್ಟ ಬರ್ದು ಸಹಿ ಮಾಡ್ರಿ.”

“ಸುಳ್ಳ ಬರ್ಯಾಕ ಬರೂದಿಲ್ರಿ ಸರ್.”

“ಸುಳ್ಳ ಎಲ್ಲೈತ್ರಿ? ನೀವ ನೋಡಿ ಬರ್ದದ್ದ ಐತಲ್ರಿ ಅದು!”

ವೀರವ್ವ ಎದ್ದು ನಿಂತಳು. ನಾಲ್ಕು ವರ್ಷಗಳಲ್ಲಿ ಅವಳು ಮ್ಯಾನೇಜರನಿಗೆ ‘ಹೂಂ ಸರ್’ ಎಂಬುದರ ಹೊರತು ಬೇರೆ ಮಾತು ಆಡಿದವಳಲ್ಲ. ದನಿ ನಡುಗಲಿಲ್ಲ.

“ಅದನ್ನ ಬರೀರಿ ಸಿಸ್ಟರ್. ಆದ್ರ ಸರ್, ನಾಳಿಂದ ನೀವ ಹೊರಗ ಇರ್ರಿ. ಬರ್ದದ್ದು ಖರೇ ಆಕ್ಕೈತಿ.”

ಯಾರು ನಗುತ್ತಾರೆಂದು ಪ್ರಶಾಂತ ಗರ್ರನೆ ತಿರುಗಿ ನೋಡಿದ. ಯಾರೂ ನಗುತ್ತಿರಲಿಲ್ಲ. ನಲವತ್ತು ಹೊಲಿಗೆ ಯಂತ್ರಗಳಲ್ಲಿ ಒಂದೂ ಓಡುತ್ತಿರಲಿಲ್ಲ.