ಜಿನೀವಾಕ್ಕೆ ಹೋದ ಹೂಂ

ಸುಮಿತಾ ಮೊಬೈಲಿನ ಗಾಜನ್ನು ಓಢಣಿಯ ತುದಿಯಿಂದ ಒರೆಸಿದಳು. ಹಿತ್ತಲಿನ ಒರಳಿಗೆ ಅದನ್ನು ಒರಗಿಸಿದಳು. ಜಾರಿತು. ಮುಂದೆ ಒಂದು ಉಳ್ಳಾಗಡ್ಡಿ ಇಟ್ಟಳು. ನಿಂತಿತು.

ತೇರಗಾಂವದ ಆಚೆ, ಕಾಡಿನ ಅಂಚಿಗಿರುವ ಆ ಸಿದ್ದಿ ಜನರ ವಾಡಾದಲ್ಲಿ ನೆಟ್‌ವರ್ಕ್ ಸಿಗುವುದು ಅವಳ ಆಯಿ, ಅಂದರೆ ಅಜ್ಜಿ ತಾಯವ್ವನ ಹಿತ್ತಲಿನಲ್ಲಿ ಮಾತ್ರ. ಹಾಗಾಗಿ ಜಿನೀವಾದ ಸಭೆ ಅಲ್ಲಿಗೇ ಬಂದಿತ್ತು. ಕಾಡಿನ ಜನರ ಮಾತನ್ನು ಅವರ ಬಾಯಿಂದಲೇ ಕೇಳಬೇಕು ಅಂತ ದೇಶದೇಶದ ದೊಡ್ಡವರು ಕೂಡಿ ಮಾಡಿದ ಸಭೆಯಂತೆ. ಆಯಿ ಪೆಟ್ಟಿಗೆಯ ಸೀರೆ ಉಟ್ಟು ಮುಂದೆ ಕೂತಳು, ವಾಡಾದ ಜನ ಹಿಂದೆ ಕೂತರು. ವಾಡಾದ ಹಿರಿಯ ಪರಸಪ್ಪ ಪಕ್ಕಕ್ಕೆ ಬಂದು ತಲೆ ಬಾಚಿಕೊಂಡ.

"ನನ್ನ ಮಾರಿ ಅವರಿಗೆ ಕಾಣಸ್ತೈತೇನವಾ?"

"ನಿನ್ನ ಮಾರಿ ಕಂಡ್ರ ಸಭಾ ಬಿಟ್ಟು ಎದ್ದು ಹೋಗ್ತಾರ. ಹಿಂದಕ ಸರಿ," ಅಂದಳು ಆಯಿ.

ಪರದೆಯ ತುಂಬ ಚೌಕ ಚೌಕವಾಗಿ ಮುಖಗಳು. ಒಂದರಲ್ಲಿ ಬಿಳಿಯ ಮೇಡಮ್ಮು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಇನ್ನೊಂದರಲ್ಲಿ ಕೂತ ಉದಯಕುಮಾರ ಅನ್ನುವ ಹುಡುಗ ಅದನ್ನು ಕನ್ನಡಕ್ಕೆ ತರುತ್ತಿದ್ದ.

"ನಿಮ್ಮ ಕಾಡನ್ನ ಕಾಪಾಡೋಕೆ ಒಂದು ಯೋಜನೆ ಇದೆ ಅಂತಾರೆ ಮೇಡಮ್."

"ಹೂಂ," ಅಂದಳು ಆಯಿ.

"ಇನ್ನು ಮುಂದೆ ಕಾಡಿಗೆ ದನ ಬಿಡೋ ಹಾಗಿಲ್ಲ."

"ಹೂಂ," ಅಂದ ಪರಸಪ್ಪ.

"ಜೇನು ಬಿಡಿಸೋ ಹಾಗಿಲ್ಲ. ಸೊಪ್ಪು, ಕಟ್ಟಿಗೆ ತರೋ ಹಾಗಿಲ್ಲ."

"ಹೂಂ." ಈ ಸಲ ಇಬ್ಬರದ್ದೂ ಖಾಲಿ ಕೊಡ ಬಾವಿಗೆ ಬಿದ್ದಂತೆ ಬಂತು.

ಆ ವಾಡಾದಲ್ಲಿ ಯಾರು ಮಾತಾಡಿದರೂ ಎದುರಿಗೆ ಕೂತವರು ಹೂಂಗುಟ್ಟಬೇಕು. ಇಲ್ಲದಿದ್ದರೆ ಹೇಳುವವರು ಅರ್ಧಕ್ಕೇ ನಿಲ್ಲಿಸಿ, "ನಾ ಏನು ಗ್ವಾಡಿಗೆ ಹೇಳಾಕತ್ತೇನೇನು?" ಅನ್ನುತ್ತಾರೆ. ಜಗಳಕ್ಕೂ ಹೂಂ ಬೇಕು. ಬೈಗುಳವನ್ನು ಪೂರ್ತಿ ಕೇಳಿ, ಹೂಂ ಅಂದು, ಆಮೇಲೆ ತಿರುಗಿ ಬೈಯುವುದೇ ಮರ್ಯಾದೆ. ಆಯಿ ತನ್ನ ಸರದಿಗೆ ಗಂಟಲು ಸರಿಮಾಡಿಕೊಂಡಳು.

ಅಷ್ಟರಲ್ಲಿ ಮೇಡಮ್ಮು ಕೈ ಜೋಡಿಸಿ ನಕ್ಕಳು.

"ಬಹಳ ಸಂತೋಷ, ಸಮುದಾಯ ಒಪ್ಪಿದೆ ಅಂತ ಬರ್ಕೊಂಡಿದ್ದೀವಿ ಅಂತಾರೆ," ಅಂದ ಉದಯಕುಮಾರ.

"ಯಾವ ಸಮುದಾಯ?" ಪರಸಪ್ಪ ಕೇಳಿದ.

"ನೀವೇ."

"ನಾವ್ ಯಾವಾಗ ಒಪ್ಪಿದ್ವಿ?"

"ಪ್ರತಿ ಮಾತಿಗೂ ಹೂಂ ಅಂದ್ರಲ್ಲ ಯಜಮಾನ್ರೇ. ನಾನು ಯೆಸ್ ಅಂತ ಹೇಳ್ತಾ ಹೋದೆ."

ಆಯಿ ಮೊಬೈಲಿನ ಹತ್ತಿರ ಸರಿದಳು. "ತಮ್ಮಾ, ನಿಮ್ಮವ್ವ ಕನ್ನಡದಾಕಿ ಹೌದಲ್ಲೋ? ಹೂಂ ಅಂದ್ರ ಕೇಳಾಕತ್ತೇನಿ ಅಂತ. ಒಪ್ಪೇನಿ ಅಂತಲ್ಲ. ಕಾಡಿಗೆ ಬಿಡಬ್ಯಾಡ ಅಂದ್ರ ನನ್ನ ಎಮ್ಮಿ ಎಲ್ಲಿ ಮೇಯಬೇಕು, ಜಿನೀವಾದಾಗ?"

ಹುಡುಗನ ಮುಖ ಕೆಂಪಾಯಿತು. "ತಪ್ಪಾಯ್ತಮ್ಮಾ. ಈಗಲೇ ಹೇಳ್ತೀನಿ," ಅಂದ. ಬಾಯಿ ತೆರೆದದ್ದು ತೆರೆದಂತೆಯೇ ಅವನ ಚೌಕ ನಿಂತುಬಿಟ್ಟಿತು. ಮರುಗಳಿಗೆಗೆ ಕಪ್ಪಾಯಿತು. ಮೇಡಮ್ಮು ಬೇರೆ ಯಾವುದೋ ದೇಶದ ನಕ್ಷೆ ತೋರಿಸತೊಡಗಿದಳು.

"ಹೋತು," ಅಂದ ಪರಸಪ್ಪ. "ಇನ್ನ ಎಮ್ಮಿಗೆ ಮನ್ಯಾಗ ಕುಂತು ಟೀವಿ ನೋಡೂದು ಕಲಸೂಣು."

ಯಾರೂ ನಗಲಿಲ್ಲ. ಆಯಿ ಮೊಮ್ಮಗಳತ್ತ ನೋಡಿದಳು. ಸುಮಿತಾ ಆರನೇ ಇಯತ್ತೆಗೇ ಶಾಲೆ ಬಿಟ್ಟವಳು, ಅಂಗಡಿಯಲ್ಲಿ ಸಕ್ಕರೆ ಕೇಳುವುದಕ್ಕೂ ಇನ್ನೊಬ್ಬರನ್ನು ಮುಂದೆ ಮಾಡುವವಳು. ಆದರೆ ಆ ಪರದೆಯನ್ನು ಅವಳಷ್ಟು ನೆಟ್ಟಗೆ ನೋಡಿದವರು ಅಲ್ಲಿ ಯಾರೂ ಇರಲಿಲ್ಲ. ಚೌಕದ ಮೂಲೆಯಲ್ಲಿ ಹಳದಿ ಕೈ ಎದ್ದವರಿಗೇ ಮೇಡಮ್ಮು ಮಾತು ಕೊಡುತ್ತಾಳೆ. ಸುಮಿತಾ ಅಂಥದ್ದೇ ಕೈಯ ಗುರುತನ್ನು ಹುಡುಕಿ ಒತ್ತಿದಳು.

ಮೇಡಮ್ಮು ನಿಲ್ಲಿಸಿ, ಏನೋ ಅಂದು, ಮುಂದಕ್ಕೆ ಬಾಗಿದಳು. ಅಷ್ಟೂ ಮುಖಗಳು ಸುಮಿತಾಳ ಕಡೆಗೇ. ಅವಳು ಮೊಬೈಲಿನತ್ತ ಬಗ್ಗಿದಳು.

"ನಾವು ಒಪ್ಪಿಲ್ರಿ," ಅಂದಳು. "ಬರದದ್ದು ಹೊಡದ ಹಾಕ್ರಿ."

ಚೌಕಗಳೆಲ್ಲ ನಕ್ಕು ತಲೆಯಾಡಿಸಿದವು. ಒಂದರಿಂದಲೂ ದನಿ ಬರಲಿಲ್ಲ. ಒಂದೊಂದರ ಕೆಳಗೂ ಮೈಕಿನ ಚಿತ್ರ, ಅದರ ಮೇಲೊಂದು ಕೆಂಪು ಗೀರು. ಸುಮಿತಾ ಕಾದಳು. ಹಿತ್ತಲಿನಲ್ಲಿ ಕೂತವರೆಲ್ಲ ಕಾದರು. ಅವಳು ಇನ್ನಷ್ಟು ಬಗ್ಗಿದಳು.

"ನಮ್ಮ ಮಾತು ಕೇಳಸ್ತೈತೇನ್ರಿ? ಕೇಳಸ್ತಿದ್ರ ಒಬ್ಬರರೆ ಹೂಂ ಅನ್ರಿ."