ಕುತ್ತಿಗೆ ಮುಚ್ಚಿದ ಗೌನು

ಗೌನಿನ ಕುತ್ತಿಗೆ ಇನ್ನೂ ಎರಡು ಬೆರಳು ಮೇಲೆ ಹೋಗಬೇಕಂತೆ.

ಸುಮಿತಾ ತುಟಿಗಳ ನಡುವೆ ಹಿಡಿದಿದ್ದ ಗುಂಡುಪಿನ್ನುಗಳನ್ನು ತೆಗೆದು ಡಬ್ಬಿಗೆ ಹಾಕಿದಳು. ಅವು ಬಾಯಲ್ಲೇ ಇದ್ದಿದ್ದರೆ ಒಳ್ಳೆಯದಿತ್ತು, ಮಾತು ಹೊರಗೆ ಬರುತ್ತಿರಲಿಲ್ಲ.

"ಅವ್ವಾರ, ಹೋದ ಸಂತಿಗೆ ನೀವು ಹೇಳಿದಷ್ಟ ಏರಿಸೇನಿ."

"ಇನ್ನೊಂಚೂರು ಏರಸ್ರಿ ತಂಗಿ. ಇಂಥಾ ಮದುವ್ಯಾಗ ಎಲ್ಲಾರ ಕಣ್ಣೂ ಮೈಮ್ಯಾಲ ಇರ್ತಾವ," ಎಂದಳು ಗುರುಸಿದ್ದವ್ವ.

ಗುರುಸಿದ್ದವ್ವ ಚಿಗಳ್ಳಿಯವಳು. ಸಂತೆಗೆಂದು ಮುಂಡಗೋಡಕ್ಕೆ ಬಂದಾಗಲೆಲ್ಲ ಸುಮಿತಾಳ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಳು. ತಲೆ ತುಂಬ ಸೆರಗು, ಹಣೆಗೆ ವಿಭೂತಿ. ಜೊತೆಗೆ ಮಗಳು ದಾನೇಶ್ವರಿ, ಈಗಷ್ಟೇ ಡಿಗ್ರಿ ಮುಗಿಸಿದ, ಬಳಕುವ ಮೈಯ ಹುಡುಗಿ. ಗೊಂಬೆಯ ಮೇಲಿದ್ದ ಗೌನನ್ನು ಅವ್ವ ಅಳೆದು ನೋಡುವಾಗ ಮಗಳು ಕಿಟಕಿಯ ಕಡೆಗೆ ಮುಖ ತಿರುಗಿಸಿ ನಿಲ್ಲುತ್ತಿದ್ದಳು.

ಮೈ ಮುಚ್ಚುವ ಗೌನು ಸುಮಿತಾಗೆ ಹೊಸದಲ್ಲ. ಅವಳ ಅಂಗಡಿಗೆ ಹೆಸರು ಬಂದಿದ್ದೇ ಅದರಿಂದ. ಮಣಿಕಟ್ಟಿನವರೆಗೆ ತೋಳಿಟ್ಟು, ಬೆನ್ನು ಮುಚ್ಚಿ, ಆದರೂ ಮದುಮಗಳು ಮಂಟಪಕ್ಕೆ ಬಂದರೆ ನಾಲ್ಕು ಮಂದಿ ಮಾತು ನಿಲ್ಲಿಸಿ ನೋಡುವಂತೆ ಹೊಲಿಯುತ್ತಿದ್ದಳು. ಆದರೆ ಮುಚ್ಚುವುದು ಬೇರೆ, ಅಡಗಿಸುವುದು ಬೇರೆ. ಈ ಹೆಂಗಸು ಅಡಗಿಸಲು ಹೊರಟಿದ್ದಳು.

ಮೊದಲ ದಿನವೇ ಅದು ಗೊತ್ತಾಗಿತ್ತು. ದಾನೇಶ್ವರಿ ಆಸೆಯಿಂದ ಗುಲಾಬಿ ಬಣ್ಣದ ಬಟ್ಟೆ ಎತ್ತಿ ಹಿಡಿದಳು. ಅವ್ವ ಅದನ್ನು ಕಸಿದು ಕಪಾಟಿಗೆ ತುರುಕಿ, ಬೂದಿ ಬೆರೆತಂಥ ನೀಲಿ ಆರಿಸಿದಳು. ಸುಮಿತಾ ಟೇಪು ಹಿಡಿದು ಹುಡುಗಿಯ ಹತ್ತಿರ ಹೋದರೆ ಅದೂ ಬೇಡವಂತೆ. ಉದ್ದ ತನ್ನಷ್ಟೇ ಇರಲಿ, ಸುತ್ತಳತೆಗೆ ಇದನ್ನು ಇಟ್ಟುಕೊಳ್ಳಿ ಎಂದು ದಾನೇಶ್ವರಿಯೇ ಚೀಲದಿಂದ ಸೀರೆಗೆ ತೊಡುವ ಹಳೆಯ ಜಂಪರ ತೆಗೆದುಕೊಟ್ಟಳು. ಆ ಜಂಪರದಲ್ಲಿ ಅಂಥ ಒಂದೂವರೆ ಹುಡುಗಿ ಹಿಡಿಸುತ್ತಿದ್ದಳು. ಮೈಕಟ್ಟು ಕಾಣಬಾರದೆಂದು ಅಳತೆಯಲ್ಲೂ ಮೋಸ. ಅದನ್ನೂ ಮಗಳ ಬಾಯಿಂದಲೇ ಹೇಳಿಸಿದ್ದಾರೆ ಎಂದುಕೊಂಡಳು ಸುಮಿತಾ.

ಎರಡನೇ ಸಲ ಬಂದಾಗ ವರನ ವಿಷಯ ಕೇಳಿದಳು. ಹಳಿಯಾಳದವನಂತೆ, ದಾಂಡೇಲಿಯ ಕಾರ್ಖಾನೆಯಲ್ಲಿ ಕೆಲಸವಂತೆ. ವಯಸ್ಸು ನಲವತ್ತೈದು ದಾಟಿದೆ ಎನ್ನುವಾಗ ಗುರುಸಿದ್ದವ್ವನ ದನಿ ನೆಲಕ್ಕಿಳಿಯಿತು.

"ಎರಡನೇ ಸಂಬಂಧ ತಂಗಿ. ಅದಕ್ಕ ಭಾಳ ಗದ್ದಲ ಬ್ಯಾಡ ಅಂದೇನಿ."

ಸುಮಿತಾ ದಾನೇಶ್ವರಿಯನ್ನು ನೋಡಿದಳು. ಹುಡುಗಿ ನಗುತ್ತಿದ್ದಳು. ಒಳ್ಳೆಯ ಮನುಷ್ಯ, ತಾನೇ ಹಟ ಹಿಡಿದು ಒಪ್ಪಿಸಿದ್ದು, ಗೌನೂ ತನ್ನ ಹಟವೇ ಎಂದಳು. ಸುಮಿತಾ ಆ ನಗುವನ್ನು ನಂಬಲಿಲ್ಲ. ಹೀಗೆಲ್ಲ ಹೇಳಬೇಕೆಂದು ಮನೆಯಲ್ಲಿ ಎಷ್ಟು ಸಲ ಕಲಿಸಿದ್ದಾರೋ. ಸುಮಿತಾಳ ಮದುವೆಯಲ್ಲೂ ಸೀರೆ ಆರಿಸಿದ್ದು ಅತ್ತೆ. ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಇವತ್ತು ಕೊನೆಯ ಪ್ರಯತ್ನ ಮಾಡಿದಳು. ಒಂದು ಸಲ ಹಾಕಿಕೊಂಡಾದರೂ ನೋಡಲಿ ಎಂದು ಪರದೆ ಸರಿಸಿದಳು. ಅಂಗಡಿಯಲ್ಲಿ ಬೇಡ, ನಾಚಿಕೆ ಎಂದಳು ಗುರುಸಿದ್ದವ್ವ. ದಾನೇಶ್ವರಿ ಕೈಚೆಲ್ಲಿದಳು.

"ಹೇಳಿ ಹೇಳಿ ಸಾಕಾತ್ರಿ ಅಕ್ಕಾರ. ಅವ್ವ ಅಂದಂಗ ಮಾಡಿಬಿಡ್ರಿ. ಇದ್ರಾಗ ನಂದೇನೂ ನಡ್ಯೂದಿಲ್ಲ."

ಅವರು ಮೆಟ್ಟಿಲಿಳಿದ ಮೇಲೆ ಸುಮಿತಾ ಬಹಳ ಹೊತ್ತು ಗೊಂಬೆಯ ಮುಂದೆ ನಿಂತಳು. ಆಮೇಲೆ ಗೌನನ್ನು ಬಿಚ್ಚಿ ಮೇಜಿನ ಮೇಲೆ ಹಾಸಿ, ಕತ್ತರಿ ಎತ್ತಿಕೊಂಡಳು. ಕುತ್ತಿಗೆಯನ್ನು ಕೊರಳೆಲುಬು ಕಾಣುವಷ್ಟು ಇಳಿಸಿದಳು. ತೋಳನ್ನು ಮೊಣಕೈಗೆ ನಿಲ್ಲಿಸಿದಳು. ಜಂಪರವನ್ನು ಮೂಲೆಗೆ ಒಗೆದು, ಕಣ್ಣಳತೆಯಲ್ಲೇ ಹುಡುಗಿಯ ಮೈಗೆ ಸರಿಯಾಗಿ ಎದೆ, ಸೊಂಟ ಬಿಗಿ ಮಾಡಿ, ಒಳಗೆ ಉಳಿದ ಬಟ್ಟೆಯನ್ನೂ ಕತ್ತರಿಸಿ ತೆಗೆದಳು. ಆ ಬಣ್ಣದ ಬಟ್ಟೆ ಅಂಗಡಿಯಲ್ಲಿ ಉಳಿದಿರಲಿಲ್ಲ. ಮತ್ತೆ ಬಿಡಿಸಿ ಹಿಗ್ಗಿಸುವ ಹಾದಿ ಯಾರಿಗೂ ಇರಬಾರದೆಂದೇ ಹಾಗೆ ಮಾಡಿದಳು. ಹಲವು ವಾರಗಳ ಮೇಲೆ ಅವತ್ತು ಅವಳಿಗೆ ಉಸಿರು ಸಲೀಸಾಗಿ ಆಡಿತು.

ಮದುವೆಯ ಹಿಂದಿನ ದಿನ ತಾಯಿ ಮಗಳು ಬಂದರು. ಬೆಳಿಗ್ಗೆ ಸನವಳ್ಳಿಯ ಗುಡಿಯಲ್ಲಿ ತಾಳಿ, ಸಂಜೆ ಊಟಕ್ಕೆ ಈ ಗೌನು. ಸುಮಿತಾ ಅದನ್ನು ದಾನೇಶ್ವರಿಯ ಕೈಗೇ ಕೊಟ್ಟಳು.

ಗುರುಸಿದ್ದವ್ವ ಕುತ್ತಿಗೆ ನೋಡಿದಳು. ತೋಳು ನೋಡಿದಳು. ಬೈಯಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಜಗಳಕ್ಕೆ ಸಿದ್ಧಳಾಗಿದ್ದ ಸುಮಿತಾಗೆ ಆ ಮೌನದಿಂದ ಇನ್ನಷ್ಟು ಧೈರ್ಯ ಬಂತು.

"ಸಿಟ್ಟಾಗಬ್ಯಾಡ್ರಿ ಅವ್ವಾರ. ಇದು ಮದಿಮಗಳ ಅರಿವಿ. ಆಕಿಗೆ ಹೆಂಗ ಬೇಕೋ ಹಂಗ ಇರಬೇಕು. ಮಂದಿಗೆ ಹೆದರಿ ಆಕಿನ್ನ ಯಾಕ ಮುಚ್ಚಿಡತೀರಿ?"

ದಾನೇಶ್ವರಿ ಗೌನಿನ ಒಳಮಗ್ಗುಲು ತಿರುವಿ ಹೊಲಿಗೆಯ ಪಕ್ಕ ಬೆರಳಾಡಿಸುತ್ತಿದ್ದಳು. ಬಿಡಿಸಲು ಬಟ್ಟೆ ಸಿಗಲಿಲ್ಲ. ಅವಳ ಮುಖದ ಬಣ್ಣ ಇಳಿಯಿತು.

"ಇಷ್ಟು ಬಿಗಿ ಯಾಕ ಹಿಡದ್ರಿ ಅಕ್ಕಾರ?"

"ಹಾಕ್ಕೊಂಡು ನೋಡವಾ. ನಿನಗ ಹೇಳಿ ಮಾಡಿಸಿದಂಗ ಹಿಡಸ್ತೈತಿ."

"ನನಗ ಹಿಡಿಸಿದ್ರ ಏನ್ ಬಂತ್ರಿ," ಎಂದಳು ದಾನೇಶ್ವರಿ. "ನಾಳಿ ಮದುವಿ ನಮ್ಮವ್ವಂದು."